ಶಹಜಹಾನಾಬಾದಿನ ಚೌಕ ಮತ್ತು ನಮ್ಮೂರಿನ ಕಟ್ಟೆ

ನಮ್ಮ ಊರಿನ ಪೇಟೆಯ ನಡುವೆ ಒಂದು ಅರಳಿಕಟ್ಟೆಯಿದೆ. ಸಂತೆಯ ದಿನ ಹಳ್ಳಿಗಳಿಂದ ಬಂದ ಹೆಂಗಸರು ಅದರ ಮೇಲೆ ಗಂಟುಮೂಟೆ ಇಳಿಸಿ, ಮಕ್ಕಳಿಗೆ ಪುರಿ ಕೊಡಿಸಿ, ಬಸ್ಸು ಬರುವ ತನಕ ಕೂತಿರುತ್ತಿದ್ದರು. ಜುಮಾ ಮುಗಿಸಿ ಬಂದ ಹಿರಿಯರು ಒಂದು ಬದಿಗೆ, ಪೆನ್ಶನ್ ತೆಗೆದುಕೊಂಡು ಬಂದ ಮೇಷ್ಟ್ರುಗಳು ಇನ್ನೊಂದು ಬದಿಗೆ. ಹತ್ತು ಹನ್ನೆರಡು ವರ್ಷಗಳ ಹಿಂದೆ 'ಸೌಂದರ್ಯೀಕರಣ' ಎಂಬುದು ನಮ್ಮ ಪೇಟೆಗೂ ಬಂತು. ಕಟ್ಟೆಗೆ ನುಣುಪಾದ ಗ್ರಾನೈಟ್ ಹೊದಿಸಿದರು, ಸುತ್ತಲೂ ಎದೆಯೆತ್ತರದ ಕಬ್ಬಿಣದ ಬೇಲಿ ಹಾಕಿದರು, ಎರಡು ಬಣ್ಣದ ದೀಪ ಇಟ್ಟರು. ಈಗ ನೋಡಲು ಚೆಂದವಾಗಿದೆ, ಫಾರಿನ್ ಇದ್ದ ಹಾಗೆ ಇದೆ ಎಂದು ಹೊಗಳಿದವರೂ ಇದ್ದಾರೆ. ಕೂರುವವರು ಮಾತ್ರ ಯಾರೂ ಇಲ್ಲ.

ನಮ್ಮ ನಾಡಿನಲ್ಲಿ ಎಷ್ಟು ಊರುಗಳು ಕಟ್ಟೆಯ ಹೆಸರಿನಿಂದಲೇ ಗುರುತಾಗಿವೆ ಎಂಬುದನ್ನು ನಾವು ಮರೆತಿದ್ದೇವೆ. ಮಂಗಳೂರಿನ ನಡುಪೇಟೆಯೇ ಹಂಪನಕಟ್ಟೆ, ಉಡುಪಿಯ ಪಕ್ಕದಲ್ಲಿ ಸಂತೆಕಟ್ಟೆ. ಕೂರುವ ಜಾಗವೇ ಊರಿನ ಗುರುತಾಗಿತ್ತು. ಇಂದು ಪೇಟೆಗೆ ಜೀವ ತುಂಬುವುದು ಹೇಗೆಂದು ಕಲಿಯಲು ನಗರಸಭೆಗಳ ಸದಸ್ಯರೂ ಅಧಿಕಾರಿಗಳೂ ದೂರದೂರದ ನಗರಗಳಿಗೆ ಅಧ್ಯಯನ ಪ್ರವಾಸ ಹೋಗುತ್ತಾರೆ. ಹೋಗುವುದು ತಪ್ಪೆಂದು ನಾವು ಹೇಳುವುದಿಲ್ಲ. ಒಂದು ನಗರ ಇನ್ನೊಂದು ನಗರವನ್ನು ನೋಡಿ ಕಲಿಯುವುದು ಬಹಳ ಹಳೆಯ ಪದ್ಧತಿ. ಆದರೆ ಹೋದವರು ಏನನ್ನು ನೋಡಿ ಬರುತ್ತಾರೆ, ಏನನ್ನು ಬಿಟ್ಟು ಬರುತ್ತಾರೆ ಎಂಬುದು ಕೇಳಬೇಕಾದ ಪ್ರಶ್ನೆ. ಇದಕ್ಕೆ ದಿಲ್ಲಿಯ ಚಾಂದನಿ ಚೌಕದಷ್ಟು ಒಳ್ಳೆಯ ಉದಾಹರಣೆ ನಮಗೆ ಬೇರೆ ಕಾಣುವುದಿಲ್ಲ. ಏಕೆಂದರೆ ಅದು ಬೇರೆ ನಗರದಿಂದ ಕಲಿತದ್ದೂ ಹೌದು, ಬೇರೆ ನಗರಕ್ಕೆ ಕಲಿಸಬಹುದಾಗಿದ್ದದ್ದೂ ಹೌದು.

1598ರಲ್ಲಿ ಇರಾನಿನ ಶಾ ಅಬ್ಬಾಸ್ ತನ್ನ ರಾಜಧಾನಿಯನ್ನು ಇಸ್ಫಹಾನಿಗೆ ಬದಲಾಯಿಸಿದ. ಅಲ್ಲಿ ಎರಡು ಅಪೂರ್ವ ಜಾಗಗಳು ನಿರ್ಮಾಣವಾದವು. ಒಂದು, 'ಚಹಾರ್ ಬಾಗ್' ಎಂಬ ಹೆದ್ದಾರಿ: ನಡುವೆ ನೀರಿನ ಕಾಲುವೆ, ಎರಡೂ ಬದಿ ಮರಗಳ ಸಾಲು. ಇನ್ನೊಂದು, 'ನಕ್ಶ್-ಎ-ಜಹಾನ್' ಎಂಬ ಮೈದಾನ. ಉದ್ದ ಸುಮಾರು 560 ಮೀಟರ್, ಅಗಲ ಸುಮಾರು 160 ಮೀಟರ್. ಮಸೀದಿ, ಅರಮನೆ, ಬಜಾರು ಮೂರೂ ಅದರ ಸುತ್ತಲೇ ಇವೆ. ಬಾದಶಹ ಅಲ್ಲಿ ಪೋಲೋ ಆಡಿಸುತ್ತಿದ್ದ. ಆಟವಿಲ್ಲದ ಹೊತ್ತಿನಲ್ಲಿ ಸಣ್ಣ ವ್ಯಾಪಾರಿಗಳು ನೆಲದ ಮೇಲೆ ಚಾಪೆ ಹಾಸಿ ಸಾಮಾನು ಹರಡುತ್ತಿದ್ದರು, ಕತೆ ಹೇಳುವವರು, ದೊಂಬರಾಟದವರು ಸೇರುತ್ತಿದ್ದರು. ರಾಜನ ಅಂಗಳವೇ ಸಂಜೆಯಾದರೆ ಬಡವರ ಸಂತೆಯಾಗುತ್ತಿತ್ತು. ಪೋಲೋ ಆಟದ ಕಲ್ಲಿನ ಗೋಲುಕಂಬಗಳು ಅಲ್ಲಿ ಇಂದಿಗೂ ನಿಂತಿವೆ.

ಶಹಜಹಾನ್ 1639ರಲ್ಲಿ ದಿಲ್ಲಿಯಲ್ಲಿ ಹೊಸ ರಾಜಧಾನಿಗೆ ಅಡಿಗಲ್ಲು ಹಾಕಿದಾಗ ಇರಾನಿನ ನಗರಗಳ ಸುದ್ದಿ ಮೊಗಲ್ ದರಬಾರಿಗೆ ಹೊಸದಾಗಿರಲಿಲ್ಲ. ಅದಕ್ಕೆ ಒಂದು ವರ್ಷ ಮೊದಲಷ್ಟೇ ಕಂದಹಾರಿನ ಇರಾನಿ ಸುಬೇದಾರ ಅಲಿ ಮರ್ದಾನ್ ಖಾನ್ ಕೋಟೆಯನ್ನು ಒಪ್ಪಿಸಿ ಮೊಗಲರ ಸೇವೆಗೆ ಸೇರಿದ್ದ. ಕಾಲುವೆ ತೋಡಿಸುವುದರಲ್ಲಿ ಅವನದು ದೊಡ್ಡ ಹೆಸರು. 14ನೇ ಶತಮಾನದಲ್ಲಿ ಫಿರೋಜ್ ಶಾ ತುಘಲಕ್ ತೋಡಿಸಿ, ಆಮೇಲೆ ಹೂಳು ತುಂಬಿದ್ದ ಕಾಲುವೆಯನ್ನು ಮತ್ತೆ ತೋಡಿ ಯಮುನೆಯ ನೀರನ್ನು ಹೊಸ ಪಟ್ಟಣಕ್ಕೆ ತರಲಾಯಿತು. ಕೋಟೆಯ ಲಾಹೋರಿ ದರವಾಜೆಯಿಂದ ಫತೇಪುರಿ ಮಸೀದಿಯ ತನಕ ಹೋಗುವ ಬೀದಿಯ ನಡುವೆ ಆ ನೀರು ಹರಿಯಿತು. ಇಕ್ಕೆಲದಲ್ಲಿ ಮರಗಳು. ಇತಿಹಾಸಕಾರರು ಈ ಬೀದಿಯಲ್ಲಿ ಇಸ್ಫಹಾನಿನ ಚಹಾರ್ ಬಾಗಿನ ನೆರಳನ್ನು ಕಂಡಿದ್ದರೆ ಆಶ್ಚರ್ಯವಿಲ್ಲ.

ಆದರೆ ಬೀದಿಯ ನಡುವಿನ ಚೌಕವನ್ನು ಕಟ್ಟಿಸಿದ್ದು ಬಾದಶಹನಲ್ಲ, ಅವನ ಮಗಳು ಜಹಾನಾರಾ ಬೇಗಂ. ವರ್ಷ 1650. ತಾಯಿ ಮುಮ್ತಾಜ್ ಮಹಲ್ 1631ರಲ್ಲಿ ತೀರಿಕೊಂಡ ಮೇಲೆ ಹದಿನೇಳರ ವಯಸ್ಸಿಗೇ ಅರಮನೆಯ ಹೊಣೆ ಹೊತ್ತವಳು. ಸೂರತ್ ಬಂದರಿನ ಆದಾಯ ಅವಳ ಕೈಯಲ್ಲಿತ್ತು. ಮುಲ್ಲಾ ಶಾ ಎಂಬ ಖಾದಿರೀ ಸೂಫಿಯ ಶಿಷ್ಯೆ. ಅವಳು ಎಂಟು ಮೂಲೆಯ ಚೌಕ ಮಾಡಿಸಿ, ನಡುವೆ ಕೊಳ ಕಟ್ಟಿಸಿದಳು. ಬೆಳದಿಂಗಳು ಆ ನೀರಿನಲ್ಲಿ ಹೊಳೆಯುತ್ತಿದ್ದುದರಿಂದ 'ಚಾಂದನಿ ಚೌಕ' ಎಂಬ ಹೆಸರು ಬಂತೆಂದು ಹೇಳುತ್ತಾರೆ. ಮೊದಲು ಚೌಕಕ್ಕಷ್ಟೇ ಇದ್ದ ಹೆಸರು ಕಾಲಕ್ರಮೇಣ ಇಡೀ ಬೀದಿಗೆ ಅಂಟಿಕೊಂಡಿತು. ಚೌಕದ ಒಂದು ಬದಿಗೆ ದಾರಿಹೋಕ ವರ್ತಕರಿಗಾಗಿ ಸರಾಯಿ, ಅದರ ಹಿಂದೆ ತೋಟ, ಎದುರಿಗೆ ಸಾರ್ವಜನಿಕ ಸ್ನಾನಗೃಹ. ಈ ಪಟ್ಟಣದ ಅನೇಕ ದೊಡ್ಡ ಕಟ್ಟಡಗಳ ಹಿಂದೆ ಹೆಂಗಸರ ಹಣ ಇತ್ತೆಂಬುದನ್ನು ನಮ್ಮ ಪಠ್ಯಪುಸ್ತಕಗಳು ಹೇಳುವುದಿಲ್ಲ. ಬೀದಿಯ ಕೊನೆಯ ಮಸೀದಿ ಕಟ್ಟಿಸಿದ್ದು ಫತೇಪುರಿ ಬೇಗಂ. ಪರದೆಯ ಒಳಗಿದ್ದ ರಾಜಕುಮಾರಿ ಊರವರೆಲ್ಲ ಬಂದು ಕೂರುವ ಜಾಗ ಕಟ್ಟಿಸಿದಳು. ಇಂದು ಪೇಟೆಗೆ ಬರುವ ನಮ್ಮ ಹೆಣ್ಣುಮಕ್ಕಳಿಗೆ ಹತ್ತು ನಿಮಿಷ ನಿಲ್ಲಲು ಜಾಗವಿಲ್ಲ.

ಫ್ರೆಂಚ್ ವೈದ್ಯ ಫ್ರಾಂಸ್ವಾ ಬರ್ನಿಯೆ 1663ರಲ್ಲಿ ದಿಲ್ಲಿಯಿಂದ ತನ್ನ ದೇಶಕ್ಕೆ ಬರೆದ ಪತ್ರದಲ್ಲಿ ಈ ಸರಾಯಿಯ ವರ್ಣನೆಯಿದೆ. ಇರಾನಿ, ಉಜ್ಬೇಕ್ ವರ್ತಕರು ಅಲ್ಲಿ ಇಳಿದುಕೊಳ್ಳುತ್ತಿದ್ದರು. ಪ್ಯಾರಿಸ್ಸಿನ ಅರಸು ಚೌಕಕ್ಕೆ ಅದನ್ನು ಹೋಲಿಸಿದ ಬರ್ನಿಯೆ, ಇಂಥ ಇಪ್ಪತ್ತು ಕಟ್ಟಡಗಳು ಪ್ಯಾರಿಸ್ಸಿನ ಬೇರೆಬೇರೆ ಕಡೆ ಇದ್ದಿದ್ದರೆ ಹೊಸದಾಗಿ ಬಂದ ಪರವೂರಿನವರು ಪರದಾಡಬೇಕಾಗಿರಲಿಲ್ಲ ಎಂದು ಆಸೆಪಟ್ಟಿದ್ದಾನೆ. ಪ್ಯಾರಿಸ್ ದಿಲ್ಲಿಯಿಂದ ಕಲಿಯಲಿ ಎಂದು ಒಬ್ಬ ಫ್ರೆಂಚ್ ಮನುಷ್ಯ ಬರೆದ ಕಾಲವೊಂದಿತ್ತು. ಹಾಗೆಂದು ಬರ್ನಿಯೆ ಎಲ್ಲವನ್ನೂ ಹೊಗಳಿದವನಲ್ಲ, ದಿಲ್ಲಿಯ ಹುಲ್ಲಿನ ಮನೆಗಳನ್ನೂ ಅವುಗಳಿಗೆ ಬೀಳುವ ಬೆಂಕಿಯನ್ನೂ ಅವನು ಬರೆದಿದ್ದಾನೆ.

ನಮಗೆ ಹೆಚ್ಚು ಹಿಡಿಸಿದ್ದು ಕೋಟೆಯ ಮುಂದಿನ ಬಯಲಿನ ಬಗ್ಗೆ ಅವನು ಕೊಡುವ ಚಿತ್ರ. ಅಲ್ಲಿ ಬಿಸಿಲಲ್ಲಿ, ಧೂಳು ಹಿಡಿದ ಜಮಖಾನೆ ಹಾಸಿಕೊಂಡು ಮುಸ್ಲಿಂ ಜ್ಯೋತಿಷಿಗಳೂ ಹಿಂದೂ ಜ್ಯೋತಿಷಿಗಳೂ ಸಾಲಾಗಿ ಕೂರುತ್ತಿದ್ದರು. ಅವರ ನಡುವೆ ಗೋವಾದಿಂದ ಓಡಿಬಂದ ಒಬ್ಬ ಮಿಶ್ರ ಪೋರ್ಚುಗೀಸನೂ ಇದ್ದ. ಅವನಿಗೆ ಓದು ಬರಹ ಬಾರದು. ಅವನ ಬಳಿ ಇದ್ದದ್ದು ಹಡಗಿನ ಒಂದು ಹಳೆಯ ದಿಕ್ಸೂಚಿ ಮತ್ತು ಎರಡು ಕ್ರೈಸ್ತ ಪ್ರಾರ್ಥನಾ ಪುಸ್ತಕಗಳು. ಪುಸ್ತಕದ ಚಿತ್ರಗಳನ್ನೇ ರಾಶಿಚಕ್ರವೆಂದು ತೋರಿಸಿ ಭವಿಷ್ಯ ಹೇಳುತ್ತಿದ್ದನಂತೆ, ಗಿರಾಕಿಗಳೂ ಸಾಕಷ್ಟು ಬರುತ್ತಿದ್ದರಂತೆ! ಮೋಸಗಾರನೇ ಇರಬಹುದು. ಆದರೆ ಎಲ್ಲಿಂದಲೋ ಬಂದ ನಿರ್ಗತಿಕನೊಬ್ಬ ಚಕ್ರವರ್ತಿಯ ಕೋಟೆಯ ಎದುರೇ ಜಮಖಾನೆ ಹಾಸಿ ಹೊಟ್ಟೆ ಹೊರೆಯಬಹುದಾಗಿತ್ತು.

ಬೀದಿ ಬರಿಯ ಮೋಜಿನದಾಗಿರಲಿಲ್ಲ. 1659ರಲ್ಲಿ ಸೋತ ದಾರಾ ಶಿಕೋಹನನ್ನು ಔರಂಗಜೇಬ ಇದೇ ಬೀದಿಗಳಲ್ಲಿ ಆನೆಯ ಮೇಲೆ ಮೆರವಣಿಗೆ ಮಾಡಿಸಿದ. ಜನ ಗೇಲಿ ಮಾಡಲಿಲ್ಲ, ಅತ್ತರು. ದಾರಾನನ್ನು ಹಿಡಿದುಕೊಟ್ಟ ಜೀವನ್ ಖಾನನ ಮೇಲೆ ಕಲ್ಲೂ ಕಸವೂ ಬಿದ್ದವು. 1675ರಲ್ಲಿ ಗುರು ತೇಗ್ ಬಹಾದೂರರ ಹತ್ಯೆಯಾದದ್ದೂ ಇಲ್ಲಿಯೇ. ಶೀಶ್‌ಗಂಜ್ ಗುರುದ್ವಾರ ಆ ಜಾಗದಲ್ಲಿದೆ. 1739ರಲ್ಲಿ ನಾದಿರ್ ಶಾ ಇದೇ ಬೀದಿಯ ಸುನಹರೀ ಮಸೀದಿಯಲ್ಲಿ ಕೂತು ದಿಲ್ಲಿಯ ಕಗ್ಗೊಲೆ ನಡೆಸಿದ. ಇಷ್ಟಾದರೂ ಬೀದಿ ಸಾಯಲಿಲ್ಲ. ನಿಜಾಮ ಆಸಫ್ ಜಾಹನ ಜೊತೆ ದಖನಿನಿಂದ ಹೋಗಿದ್ದ ದರ್ಗಾ ಖುಲಿ ಖಾನ್ ಅದೇ ವರ್ಷಗಳಲ್ಲಿ ದಿಲ್ಲಿಯನ್ನು ಕಂಡು ಫಾರಸಿಯಲ್ಲಿ ಬರೆದಿಟ್ಟಿದ್ದಾನೆ. ಚಾಂದನಿ ಚೌಕದ ಕಾಫಿ ಅಂಗಡಿಗಳಲ್ಲಿ ದಿನವೂ ಕವಿಗಳು ಸೇರುತ್ತಿದ್ದರು. ಕೋಟೆಯ ಹತ್ತಿರದ ಇನ್ನೊಂದು ಚೌಕದಲ್ಲಿ ಪೀಠವೇರಿದ ಉಪದೇಶಕರು ಒಂದು ಕಡೆ, ಗುಪ್ತರೋಗದ ಔಷಧಿ ಮಾರುವ ನಕಲಿ ಹಕೀಮರು ಒಂದು ಕಡೆ. ಉಪದೇಶ ಕೇಳಿದವರೇ ಔಷಧಿಯನ್ನೂ ಕೊಂಡರೋ ಏನೋ, ಖಾನ್ ಬರೆದಿಲ್ಲ.

ಬೀದಿಗೆ ನಿಜವಾದ ಪೆಟ್ಟು ಬಿದ್ದದ್ದು 1857ರ ನಂತರ. ಕೋಟೆಯ ಸುತ್ತಲಿನ ಮೊಹಲ್ಲಾಗಳನ್ನು ಬ್ರಿಟಿಷರು ನೆಲಸಮ ಮಾಡಿದರು. ಜಹಾನಾರಾಳ ಸರಾಯಿಯನ್ನು ಕೆಡವಿ 1860ರ ದಶಕದಲ್ಲಿ ಟೌನ್ ಹಾಲ್ ಕಟ್ಟಿದರು. ಬೇಗಮಳ ತೋಟ ಹೆಸರು ಬದಲಿಸಿಕೊಂಡು ರಾಣಿಯ ತೋಟವಾಯಿತು. ಕೊಳವಿದ್ದ ಜಾಗದಲ್ಲಿ ಗಡಿಯಾರದ ಗೋಪುರ ಎದ್ದಿತು. ನೀರಿನ ಬದಲು ಗಡಿಯಾರ! ವಿಕ್ಟೋರಿಯಾ ಕಾಲದ ಇಂಗ್ಲೆಂಡಿನ ಪಟ್ಟಣಗಳಲ್ಲಿ ಟೌನ್ ಹಾಲ್, ಅದರ ಮುಂದೆ ಗಡಿಯಾರ, ಅದರ ಹತ್ತಿರ ರಾಣಿಯ ಪ್ರತಿಮೆ ಇರುತ್ತಿದ್ದವು. ದಿಲ್ಲಿಗೂ ಅದನ್ನೇ ತಂದಿಟ್ಟರು. ಇದೂ ಒಂದು ನಗರದಿಂದ ಇನ್ನೊಂದಕ್ಕೆ ಬಂದ ಪಾಠವೇ. ಆದರೆ ಕಲಿತವರು ದಿಲ್ಲಿಯವರಾಗಿರಲಿಲ್ಲ, ಗೆದ್ದವರು ಹೇರಿದ್ದರು.

ಹಾಗೆ ಹೇರಿದ ಚೌಕವನ್ನೂ ಜನ ತಮ್ಮದಾಗಿಸಿಕೊಂಡರು ಎಂಬುದು ಮುಖ್ಯ. 1919ರ ಮಾರ್ಚ್ 30ರಂದು ರೌಲತ್ ಕಾಯ್ದೆಯ ವಿರುದ್ಧ ದಿಲ್ಲಿಯಲ್ಲಿ ಹರತಾಳ ನಡೆದಾಗ ಗೋಲಿಬಾರಾಯಿತು, ಜನ ಸತ್ತರು. ಚಾಂದನಿ ಚೌಕದಲ್ಲಿ ಸ್ವಾಮಿ ಶ್ರದ್ಧಾನಂದರು ಗೂರ್ಖಾ ಸೈನಿಕರ ಬಂದೂಕುಗಳಿಗೆ ಎದೆಯೊಡ್ಡಿ ನಿಂತರು. ಏಪ್ರಿಲ್ 4ರಂದು ಮುಸ್ಲಿಮರು ಆ ಆರ್ಯಸಮಾಜದ ಸನ್ಯಾಸಿಯನ್ನು ಜಾಮಾ ಮಸೀದಿಗೆ ಕರೆದೊಯ್ದು ಮಾತಾಡಿಸಿದರು. ಮುಂದೆ ಶುದ್ಧಿ ಚಳವಳಿಯ ಕಹಿ ಬೆಳೆಯಿತು, 1926ರಲ್ಲಿ ಅವರು ಒಬ್ಬ ಮುಸ್ಲಿಮನ ಗುಂಡಿಗೆ ಬಲಿಯಾದರು. ಈ ಕಹಿಯನ್ನು ಮರೆಮಾಚಿ ಏಪ್ರಿಲ್ 4ರ ಕತೆಯನ್ನಷ್ಟೇ ಹೇಳುವುದು ಪ್ರಾಮಾಣಿಕವಲ್ಲ. ಆದರೆ ಆ ಕೆಲವು ದಿನ ದಿಲ್ಲಿಯ ಜನ ಒಂದು ಜನವಾಗಿ ಕಾಣಿಸಿಕೊಂಡದ್ದು ಬೀದಿಯಲ್ಲಿಯೇ. ಅಂಥ ಬೀದಿ ಇಲ್ಲದಿದ್ದರೆ ಹರತಾಳವೂ ಮನೆಮನೆಯೊಳಗೇ ಉಳಿಯುತ್ತಿತ್ತು.

ಈಗ ಅಧ್ಯಯನ ಪ್ರವಾಸದವರು ಇಷ್ಟಪಡುವ ನಗರಗಳಿಗೆ ಬರೋಣ. ಮೊದಲ ಹೆಸರು ಡೆನ್ಮಾರ್ಕಿನ ಕೋಪನ್‌ಹೇಗನ್. 1962ರ ನವೆಂಬರಿನಲ್ಲಿ ಅಲ್ಲಿನ ನಡುಪೇಟೆಯ 'ಸ್ಟ್ರಾಯೆಟ್' ಎಂಬ ಸುಮಾರು ಒಂದು ಕಿಲೋಮೀಟರ್ ಉದ್ದದ ಬೀದಿಗೆ ಕಾರುಗಳನ್ನು ನಿಲ್ಲಿಸಿದರು. ಅಂಗಡಿಯವರು ವ್ಯಾಪಾರ ಮುಳುಗುತ್ತದೆಂದು ಗಲಾಟೆ ಮಾಡಿದರು. ಬೀದಿಯಲ್ಲಿ ಅಡ್ಡಾಡಲು ನಾವೇನು ಇಟಲಿಯವರೇ, ಈ ಚಳಿಯಲ್ಲಿ ಯಾರು ಹೊರಗೆ ಕೂರುತ್ತಾರೆ ಎಂದು ಜನ ನಕ್ಕರು. ವ್ಯಾಪಾರ ಮುಳುಗಲಿಲ್ಲ. ಯಾನ್ ಗೇಲ್ ಎಂಬ ವಾಸ್ತುಶಿಲ್ಪಿ, ಮನಶ್ಶಾಸ್ತ್ರಜ್ಞೆಯಾದ ಹೆಂಡತಿ ಇಂಗ್ರಿಡ್ ಜೊತೆ 1965ರಲ್ಲಿ ಇಟಲಿಗೆ ಹೋಗಿ ಅಲ್ಲಿನ ಚೌಕಗಳಲ್ಲಿ ಜನ ಏನು ಮಾಡುತ್ತಾರೆಂದು ಕೂತು ನೋಡಿದರು. ಕಟ್ಟಡಗಳನ್ನು ಅಳೆಯಲಿಲ್ಲ, ಮನುಷ್ಯರನ್ನು ಎಣಿಸಿದರು: ಎಷ್ಟು ಜನ ನಿಂತಿದ್ದಾರೆ, ಎಷ್ಟು ಜನ ಕೂತಿದ್ದಾರೆ, ಎಷ್ಟು ಹೊತ್ತು. ಊರಿಗೆ ಮರಳಿ ಸ್ಟ್ರಾಯೆಟ್‌ನಲ್ಲಿಯೂ ಹಾಗೆಯೇ ಎಣಿಸಿದರು. ನಗರಸಭೆ ಕಾರು ನಿಲ್ಲಿಸುವ ಜಾಗವನ್ನು ವರ್ಷವರ್ಷವೂ ಒಂದಿಷ್ಟು, ಯಾರಿಗೂ ನೋಯದಂತೆ, ಕಡಿಮೆ ಮಾಡುತ್ತ ಬಂತು. 1962ರಲ್ಲಿ 16 ಸಾವಿರ ಚದರ ಮೀಟರಿಗೂ ಕಡಿಮೆಯಿದ್ದ ಕಾರುಮುಕ್ತ ಜಾಗ 2000ದ ಹೊತ್ತಿಗೆ ಸುಮಾರು ಒಂದು ಲಕ್ಷ ಚದರ ಮೀಟರಾಯಿತು. ಅಂದರೆ ಮೂವತ್ತೆಂಟು ವರ್ಷಗಳ ಕೆಲಸ. ಒಂದು ಟೆಂಡರಿನಲ್ಲಿ, ಒಂದು ಚುನಾವಣೆಗೆ ಮುಂಚೆ ಮುಗಿಸಿದ್ದಲ್ಲ. ಪ್ರವಾಸ ಹೋದವರ ಫೋಟೋಗಳಲ್ಲಿ ಕಲ್ಲು ಹಾಸಿದ ನೆಲ ಕಾಣುತ್ತದೆ, ಈ ಮೂವತ್ತೆಂಟು ವರ್ಷ ಕಾಣುವುದಿಲ್ಲ.

ನ್ಯೂಯಾರ್ಕಿನಲ್ಲಿ ವಿಲಿಯಂ ವೈಟ್ ಎಂಬ ಪತ್ರಕರ್ತ 1970ರ ದಶಕದಲ್ಲಿ ಕ್ಯಾಮರಾ ಇಟ್ಟು ಅಂಗಳಗಳನ್ನು ಚಿತ್ರೀಕರಿಸಿದ. ಕೆಲವು ಅಂಗಳ ತುಂಬಿ ತುಳುಕುವುದು, ಕೆಲವು ಬಿಕೋ ಎನ್ನುವುದು ಏಕೆ? 1980ರಲ್ಲಿ ಪ್ರಕಟಿಸಿದ ಅವನ ಮುಖ್ಯ ಉತ್ತರ ಕೇಳಿದರೆ ನಗು ಬರುತ್ತದೆ: ಕೂರಲು ಜಾಗವಿದ್ದಲ್ಲಿ ಜನ ಕೂರುತ್ತಾರೆ. ನಮ್ಮ ಅಜ್ಜಂದಿರು ಇದನ್ನು ಕಂಡುಹಿಡಿಯಲು ಕ್ಯಾಮರಾ ಇಡಲಿಲ್ಲ, ಕಟ್ಟೆ ಕಟ್ಟಿದರು. ಆದರೆ ಅವನ ಇನ್ನೊಂದು ಮಾತು ನಾವು ಕಿವಿಗೊಡಬೇಕಾದದ್ದು. ಒಂದು ಜಾಗ ಚೆನ್ನಾಗಿದೆಯೇ ಇಲ್ಲವೇ ಎಂದು ತಿಳಿಯಲು ಅಲ್ಲಿರುವ ಹೆಂಗಸರನ್ನು ಎಣಿಸಿ ಎಂದ. ಜಾಗ ಕೆಟ್ಟಿದ್ದರೆ ಮೊದಲು ಕಾಣೆಯಾಗುವವರು ಅವರೇ. ಮಾದಕವಸ್ತು ಮಾರುವವರ ಪಾಲಾಗಿದ್ದ ಬ್ರಯಂಟ್ ಪಾರ್ಕ್ 1992ರಲ್ಲಿ ಮತ್ತೆ ತೆರೆದಾಗ ಅವನ ಸಲಹೆಯಂತೆ ದೃಷ್ಟಿಗೆ ಅಡ್ಡವಾದ ಬೇಲಿಗಳನ್ನು ತೆಗೆದಿದ್ದರು. ಬೇಕಾದಲ್ಲಿಗೆ ಎಳೆದುಕೊಳ್ಳಬಹುದಾದ ಕುರ್ಚಿಗಳನ್ನು ಹಾಕಿದ್ದರು. ಆ ಉದ್ಯಾನದ ನಿರ್ವಹಣೆ ಖಾಸಗಿ ಸಂಸ್ಥೆಯದು. ಅದು ನಮಗೆ ಅಷ್ಟು ಒಪ್ಪಿಗೆಯಿಲ್ಲ. ಬೇಲಿ ತೆಗೆದದ್ದಂತೂ ಒಪ್ಪಿಗೆ.

ಕೈರೋದಿಂದ ಕಲಿಯಬೇಕಾದದ್ದು ಬೇರೆ. ಹಳೆಯ ನಗರದ ಅಂಚಿನಲ್ಲಿ ಸುಮಾರು ಐನೂರು ವರ್ಷ ಕಸ ಸುರಿದು ಎದ್ದ ದಿಬ್ಬವನ್ನು ಆಗಾ ಖಾನ್ ಸಂಸ್ಥೆ 30 ಹೆಕ್ಟೇರಿನ ಅಲ್-ಅಝರ್ ಉದ್ಯಾನವಾಗಿ ಮಾಡಿ 2005ರಲ್ಲಿ ತೆರೆಯಿತು. ಕಸ ತೆಗೆಯುವಾಗ ಸಲಾಹುದ್ದೀನ್ ಅಯ್ಯೂಬಿಯ ವಂಶದ ಕಾಲದ ಕೋಟೆಗೋಡೆ ಸುಮಾರು ಒಂದೂವರೆ ಕಿಲೋಮೀಟರ್ ಉದ್ದಕ್ಕೆ ಹೊರಬಂತು. ಗೋಡೆಗೆ ಒರಗಿಕೊಂಡಿದ್ದ ದರ್ಬ್ ಅಲ್-ಅಹ್ಮರ್ ಎಂಬ ಬಡವರ ಮೊಹಲ್ಲಾವನ್ನು ಕೆಡವಲಿಲ್ಲ. ಅಲ್ಲಿನ ಮನೆಗಳನ್ನು ದುರಸ್ತಿ ಮಾಡಿದರು, ಹುಡುಗರಿಗೆ ಬಡಗಿ ಕೆಲಸ, ಕಲ್ಲುಕೆಲಸ ಕಲಿಸಿದರು, ಸಣ್ಣ ಸಾಲ ಕೊಟ್ಟರು. ಉದ್ಯಾನಕ್ಕೆ ಪ್ರವೇಶ ಶುಲ್ಕವಿದೆ, ಅದು ಇಲ್ಲದಿದ್ದರೆ ನಾವು ಇನ್ನಷ್ಟು ಹೊಗಳುತ್ತಿದ್ದೆವು.

ಊರಿಂದೂರಿಗೆ ಪಾಠ ಹೊತ್ತೊಯ್ದವರಲ್ಲಿ ನಮ್ಮವರೊಬ್ಬರಿದ್ದಾರೆ. ಇರಾನಿನ ಶಿರಾಜಿನಿಂದ ಬೆಂಗಳೂರಿಗೆ ಬಂದ ಕುದುರೆ ವ್ಯಾಪಾರಿ ಅಲಿ ಅಸ್ಕರರ ಮೊಮ್ಮಗ ಸರ್ ಮಿರ್ಜಾ ಇಸ್ಮಾಯಿಲ್, 1926ರಿಂದ 1941ರ ತನಕ ಮೈಸೂರಿನ ದಿವಾನರು. ಕಾಶ್ಮೀರದ ಶಾಲಿಮಾರ್ ತೋಟದ ಮಾದರಿ ಕನ್ನಂಬಾಡಿಯಲ್ಲಿ ಬೃಂದಾವನವಾಗಿ ಅರಳಿದ್ದು ಅವರ ಕಾಲದಲ್ಲಿ. 1935ರಲ್ಲಿ ಬೆಂಗಳೂರಿಗೆ ಪುರಭವನ ಬಂದದ್ದೂ ಆಗಲೇ. ಮೈಸೂರು, ಬೆಂಗಳೂರುಗಳ ವೃತ್ತ, ಉದ್ಯಾನಗಳಲ್ಲಿ ಪಳಗಿದ ಕಣ್ಣನ್ನು ಅವರು 1942ರಲ್ಲಿ ಜೈಪುರಕ್ಕೆ ಒಯ್ದರು. ಅಲ್ಲಿನ ಮುಖ್ಯ ರಸ್ತೆ ಇಂದಿಗೂ ಅವರ ಹೆಸರಿನ ಎಂ.ಐ. ರಸ್ತೆ. ಬೆಳಿಗ್ಗೆ ಕುದುರೆಯೇರಿ ಬೀದಿ ಸುತ್ತಿ ಹುಳುಕು ಕಂಡುಹಿಡಿಯುತ್ತಿದ್ದರೆಂದು ಹಿರಿಯರು ಹೇಳುತ್ತಿದ್ದರು. ಅವರ ಒಲವು ಜನಜಂಗುಳಿಗಿಂತ ಅಂದಚೆಂದದ ಕಡೆ ಹೆಚ್ಚಿತ್ತು ಎನ್ನಬಹುದು. ಆದರೂ ಕಡತ ನೋಡಿ ಬೀದಿ ಕಟ್ಟಿದವರಲ್ಲ, ಬೀದಿ ನೋಡಿ ಕಡತ ಬರೆದವರು.

ಅವರ ಕಾಲದ ಪುರಭವನದ ಮೆಟ್ಟಿಲುಗಳು ಬೆಂಗಳೂರಿನ ಪ್ರತಿಭಟನೆಯ ಕಟ್ಟೆಯೇ ಆಗಿದ್ದವು. ರೈತರು, ಪೌರಕಾರ್ಮಿಕರು, ಕನ್ನಡ ಹೋರಾಟಗಾರರು, ಸಾಹಿತಿಗಳು ಎಲ್ಲರೂ ಅಲ್ಲಿ ನಿಂತವರೇ. 2021ರ ಆದೇಶದ ಪ್ರಕಾರ ಬೆಂಗಳೂರಿನಲ್ಲಿ ಪ್ರತಿಭಟನೆಗೆ ಜಾಗ ಫ್ರೀಡಂ ಪಾರ್ಕ್ ಒಂದೇ. ಅದು ಹಿಂದೆ ಸೆಂಟ್ರಲ್ ಜೈಲು. ಇತ್ತ ಚರ್ಚ್ ಸ್ಟ್ರೀಟಿಗೆ 2018ರಲ್ಲಿ ಹೊಸ ಕಲ್ಲು ಹಾಸಿದರು. 2020ರ ನವೆಂಬರಿನಿಂದ 2021ರ ಫೆಬ್ರವರಿಯ ತನಕ ಶನಿವಾರ ಭಾನುವಾರ ವಾಹನ ನಿಲ್ಲಿಸಿದಾಗ ಜನ ಬಂದರು, ಹಾಡಿದರು, ಮಕ್ಕಳು ಬೀದಿಯ ನಡುವೆ ಓಡಾಡಿದರು. ಆಮೇಲೆ ವಾಹನಗಳು ಮರಳಿದವು. ಪುಸ್ತಕದ ಅಂಗಡಿಗಳ ಪುಣ್ಯದಿಂದ ಆ ಬೀದಿಗೆ ಜೀವವಿದೆ. ಆದರೆ ಕಾಲು ನೋಯುತ್ತಿದೆ, ಕೂರಬೇಕು ಎಂದರೆ ಬಹುತೇಕ ಕಾಫಿಗೆ ದುಡ್ಡು ತೆರಬೇಕು.

ಮತ್ತೆ ಚಾಂದನಿ ಚೌಕಕ್ಕೆ. 2018ರ ಕೊನೆಯಲ್ಲಿ ಶುರುವಾದ ನವೀಕರಣ ಮುಗಿದು 2021ರ ಸೆಪ್ಟೆಂಬರಿನಲ್ಲಿ ಹೊಸ ಬೀದಿಯ ಉದ್ಘಾಟನೆಯಾಯಿತು. ಕೆಂಪು ಕೋಟೆಯಿಂದ ಫತೇಪುರಿಯ ತನಕ 1.3 ಕಿಲೋಮೀಟರ್, ಕೆಂಪು ಕಲ್ಲಿನ ನೆಲ, ಬೆಳಿಗ್ಗೆ 9ರಿಂದ ರಾತ್ರಿ 9ರ ತನಕ ಮೋಟಾರು ವಾಹನಗಳಿಗೆ ನಿಷೇಧ. ಹಾರ್ನಿನ ಸದ್ದಿಲ್ಲದೆ ಆ ಬೀದಿಯಲ್ಲಿ ನಡೆಯುವುದು ಸಣ್ಣ ಸುಖವಲ್ಲ, ಅದನ್ನು ಮಾಡಿದವರನ್ನು ಮೆಚ್ಚಬೇಕು. ಆದರೆ ಮುಖ್ಯ ಬೀದಿ ಬೀದಿ ವ್ಯಾಪಾರಿಗಳಿಗೆ ನಿಷಿದ್ಧ ವಲಯ. ಅವರನ್ನು ಎಬ್ಬಿಸುವ ಬಗ್ಗೆ ಉಚ್ಚ ನ್ಯಾಯಾಲಯದ ಆದೇಶಗಳೂ ಬಂದಿವೆ. ಅಂಗಡಿ ಮಾಲೀಕರ ಸಂಘಗಳು ಅವರನ್ನು ತೆಗೆಸಲು ಒತ್ತಾಯಿಸುತ್ತವೆ, ಪೊಲೀಸರು ಬರುತ್ತಾರೆ, ಗಂಟು ಕಟ್ಟಿಕೊಂಡು ಅವರು ಗಲ್ಲಿಗೆ ಸರಿಯುತ್ತಾರೆ, ಮತ್ತೆ ಬರುತ್ತಾರೆ.

ನಮ್ಮ ದೇಶದಲ್ಲಿ 2014ರಲ್ಲಿಯೇ ಬೀದಿ ವ್ಯಾಪಾರಿಗಳ ಕಾಯ್ದೆ ಬಂದಿದೆ. ಅದರ ಪ್ರಕಾರ ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಸಮೀಕ್ಷೆ ಮುಗಿಯುವ ತನಕ ಯಾರನ್ನೂ ಎಬ್ಬಿಸುವಂತಿಲ್ಲ. ಇದನ್ನು ಕಲಿಯಲು ಕೋಪನ್‌ಹೇಗನ್ನಿಗೆ ಹೋಗಬೇಕಾಗಿಲ್ಲ, ನಮ್ಮದೇ ಸಂಸತ್ತು ಬರೆದದ್ದು. ತಮ್ಮ ಊರಿನ ಸಮಿತಿಯಲ್ಲಿ ಯಾರಿದ್ದಾರೆ, ಅದು ಕೊನೆಯ ಸಲ ಯಾವಾಗ ಸೇರಿತು ಎಂದು ಓದುಗರು ನಗರಸಭೆಯಲ್ಲಿ ಒಮ್ಮೆ ವಿಚಾರಿಸಿ ನೋಡಲಿ.

ಜಹಾನಾರಾ 1681ರಲ್ಲಿ ತೀರಿಕೊಂಡಳು. ನಿಜಾಮುದ್ದೀನ್ ದರ್ಗಾದ ಅಂಗಳದಲ್ಲಿ ಅವಳ ಗೋರಿಯಿದೆ. ಮೇಲೆ ಚಾವಣಿಯಿಲ್ಲ, ಗೋರಿಯ ನಡುವೆ ಹಸಿರು ಬೆಳೆಯಲು ಮಣ್ಣು ಬಿಟ್ಟಿದ್ದಾರೆ. ಅವಳು ಕಟ್ಟಿಸಿದ ಕೊಳವಿಲ್ಲ, ಕೊಳದ ಮೇಲೆ ಎದ್ದ ಗಡಿಯಾರದ ಗೋಪುರವೂ 1950ರ ದಶಕದಲ್ಲಿ ಕುಸಿದು ಹೋಯಿತು.

ನಮ್ಮೂರಿನ ಕಟ್ಟೆಯ ಬೇಲಿಯಲ್ಲಿ ಈಚೆಗೆ ಒಂದು ಕಡೆ ಎರಡು ಕಂಬಿಗಳು ಬಾಗಿವೆ. ಯಾರು ಬಗ್ಗಿಸಿದರೆಂದು ಯಾರಿಗೂ ಗೊತ್ತಿಲ್ಲವಂತೆ. ಕಳೆದ ಸಂತೆಯ ದಿನ ಅಲ್ಲಿಂದ ನುಸುಳಿ ಮೂವರು ಹೆಂಗಸರು ಒಳಗೆ ಕೂತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು.